ಕಲಿತದ್ದು ಉಳಿಯುವ ಬಗೆ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹೆತ್ತವರ ಹಾಗೂ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಶಾಲೆಯ ಅಧ್ಯಾಪಕ ವೃಂದದ ಪರವಾಗಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಲದಲ್ಲಿ ಹುಟ್ಟಿದ ಶಾಲೆ ನಮ್ಮದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದುದನ್ನೂ 1984ರಲ್ಲಿ ಅದು ಪ್ರತ್ಯೇಕ ಜಿಲ್ಲೆಯಾದುದನ್ನೂ ಇದು ಕಂಡಿದೆ. ಇದನ್ನು ಕಟ್ಟಿದವರ ತ್ಯಾಗವನ್ನೂ ಉಳಿಸಿಕೊಂಡು ಬಂದವರ ಶ್ರಮವನ್ನೂ ನಮಗಿಂತ ಮೊದಲು ಮಾತನಾಡಿದವರು ನೆನಪಿಸಿಕೊಟ್ಟಿದ್ದಾರೆ. ನಮಗೆ ವಹಿಸಿದ ವಿಷಯ ಅಷ್ಟು ದೊಡ್ಡದಲ್ಲ. ಆದರೆ ಶಾಲೆ ಎಂಬುದರ ತಿರುಳು ಅದರಲ್ಲೇ ಇದೆ ಎಂದು ನಾವು ತಿಳಿದಿದ್ದೇವೆ. ಮಗು ಕಲಿತದ್ದು ಮಗುವಿನಲ್ಲಿ ಉಳಿಯಬೇಕಾದರೆ ಏನು ಮಾಡಬೇಕು? ಇದೇ ಇಂದಿನ ಪ್ರಶ್ನೆ.

ಈ ಪ್ರಶ್ನೆ ನಮ್ಮನ್ನು ಕಾಡತೊಡಗಿದ್ದು ಒಂದು ಸಣ್ಣ ಪ್ರಸಂಗದಿಂದ. ಕೆಲವು ವರ್ಷಗಳ ಹಿಂದಿನ ಮಾತು. ಜೂನ್ ತಿಂಗಳ ಮಳೆ ಹಿಡಿದ ದಿನ. ಹತ್ತನೆಯ ತರಗತಿಯ ವಿಜ್ಞಾನ ಪಾಠಕ್ಕೆ ಪೀಠಿಕೆಯಾಗಿ ನಮ್ಮಲ್ಲೊಬ್ಬರು ಹಿಂದಿನ ವರ್ಷ ಕಲಿಸಿದ್ದ ವಿಷಯವನ್ನೇ ಕೇಳಿದರು: ಹಸುರೆಲೆ ತನ್ನ ಆಹಾರವನ್ನು ಹೇಗೆ ತಯಾರಿಸುತ್ತದೆ? ತರಗತಿ ಮೌನವಾಗಿತ್ತು. ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಪುಟ ತುಂಬ ಬರೆದು ಪೂರ್ಣ ಅಂಕ ಪಡೆದಿದ್ದ ಹುಡುಗಿಯೊಬ್ಬಳು ಎದ್ದು ನಿಂತು, ನಿಜವಾದ ಆಶ್ಚರ್ಯದಿಂದ, "ಟೀಚರೇ, ಅದು ಕಳೆದ ವರ್ಷದ ಪಾಠವಲ್ಲವೇ?" ಎಂದು ಕೇಳಿದಳು.

ಅವಳ ಮಾತಿನಲ್ಲಿ ಉದ್ಧಟತನವಿರಲಿಲ್ಲ. ಅವಳು ಶ್ರಮಜೀವಿ. ನಾವು ಹೇಳಿ ಬರೆಸಿದ ಉತ್ತರಗಳನ್ನು ಅಂದವಾದ ಅಕ್ಷರಗಳಲ್ಲಿ ಬರೆದುಕೊಂಡು, ಮುಖ್ಯ ವಾಕ್ಯಗಳ ಕೆಳಗೆ ಕೆಂಪು ಗೆರೆ ಎಳೆದು, ಪರೀಕ್ಷೆಯ ಮುನ್ನಾದಿನ ಹತ್ತಾರು ಬಾರಿ ಓದಿದವಳು. ಪಾಠ ಎಂಬುದು ಪರೀಕ್ಷೆಯೊಂದಿಗೆ ಮುಗಿಯುವ ವಸ್ತು ಎಂಬ ಭಾವನೆಯನ್ನು ಅವಳಲ್ಲಿ ಮೂಡಿಸಿದವರು ನಾವೇ. ಅಂದು ಸಂಜೆ ಅಧ್ಯಾಪಕರ ಕೊಠಡಿಯಲ್ಲಿ ಈ ಮಾತು ಚರ್ಚೆಗೆ ಬಂದಾಗ ಪ್ರತಿಯೊಬ್ಬರಿಗೂ ತಮ್ಮ ತಮ್ಮ ವಿಷಯದಲ್ಲಿ ಇಂಥದೇ ಅನುಭವ ಆಗಿತ್ತೆಂಬುದು ತಿಳಿಯಿತು.

ಇನ್ನೊಂದು ಪ್ರಸಂಗ ಇತ್ತೀಚಿನದು. ಶತಮಾನೋತ್ಸವದ ಸಿದ್ಧತೆಗಾಗಿ ಹಳೆ ವಿದ್ಯಾರ್ಥಿಗಳ ಮನೆಗಳಿಗೆ ಹೋಗುತ್ತಿದ್ದಾಗ ಎಂಬತ್ತು ದಾಟಿದ ಹಿರಿಯರೊಬ್ಬರನ್ನು ಕಂಡೆವು. ಐದನೆಯ ತರಗತಿಗೆ ಶಾಲೆ ಬಿಟ್ಟು, ಜೀವಮಾನವಿಡೀ ದಿನಸಿ ಅಂಗಡಿ ನಡೆಸಿದವರು. ಹಿಂದೆ ಕಲಿಸುತ್ತಿದ್ದ ಮುಕ್ಕಾಲರ ಮಗ್ಗಿ ನೆನಪಿದೆಯೇ ಎಂದು ಕೇಳಿದೆವು. ಅವರು ನಕ್ಕು, "ಯಾವುದು ಬೇಕಾದರೂ ಕೇಳಿ" ಎಂದರು. ಹದಿನೇಳು ಮುಕ್ಕಾಲು ಎಷ್ಟು ಎಂದೆವು. ಕಣ್ಣು ಮಿಟುಕಿಸುವಷ್ಟರಲ್ಲಿ "ಹನ್ನೆರಡೂ ಮುಕ್ಕಾಲು" ಎಂಬ ಉತ್ತರ ಬಂತು. ಆಗ ಬೇರೆ ಏನೇನು ಕಲಿತಿದ್ದಿರಿ ಎಂದು ಕೇಳಿದಾಗ ಅವರು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. "ರಾಜರ ಹೆಸರು, ಯುದ್ಧದ ಇಸವಿ ಎಲ್ಲ ಬಾಯಿಪಾಠ ಮಾಡಿದ್ದೆ, ಬೆತ್ತಕ್ಕೆ ಹೆದರಿ. ಒಂದೂ ಉಳಿದಿಲ್ಲ ಮಾಷ್ಟ್ರೇ. ಅಂಗಡಿಯಲ್ಲಿ ರಾಜರ ಹೆಸರು ಕೇಳುವವರು ಯಾರು?"

ಅದೇ ಹುಡುಗ, ಅದೇ ಗುರು, ಅದೇ ಕೊಠಡಿ, ಅದೇ ಬೆತ್ತ. ಬಾಯಿಪಾಠವೂ ಒಂದೇ ರೀತಿಯದು. ಆದರೂ ಒಂದು ಉಳಿಯಿತು, ಇನ್ನೊಂದು ಅಳಿಯಿತು. ಉಳಿದದ್ದು ಏಕೆಂದರೆ ಅಂಗಡಿಗೆ ಬಂದ ಗಿರಾಕಿಗಳೆಲ್ಲ ಅದನ್ನು ಕೇಳುತ್ತಿದ್ದರು. ಪ್ರತಿ ಬಾರಿಯೂ ಅವರು ಅದನ್ನು ಮನಸ್ಸಿನ ಒಳಗಿನಿಂದ ಹೊರಗೆ ತೆಗೆಯಬೇಕಾಗಿತ್ತು. ನಾವಿಂದು ಹೇಳಬೇಕೆಂದಿರುವ ಮಾತಿನ ಸಾರ ಇಷ್ಟೇ. ಮನಸ್ಸಿನೊಳಗೆ ಎಷ್ಟು ಬಾರಿ ತುಂಬಿದೆವು ಎಂಬುದರಿಂದ ಕಲಿಕೆ ಉಳಿಯುವುದಿಲ್ಲ; ಎಷ್ಟು ಬಾರಿ, ಎಷ್ಟೆಷ್ಟು ಬಿಡುವಿನ ಬಳಿಕ ಹೊರಗೆ ತೆಗೆದೆವು ಎಂಬುದರಿಂದ ಉಳಿಯುತ್ತದೆ.

ಇದು ನಮ್ಮ ಅನುಭವದ ಮಾತು ಮಾತ್ರವಲ್ಲ. ಮನಃಶಾಸ್ತ್ರಜ್ಞರು ಇದನ್ನು ಎಚ್ಚರಿಕೆಯಿಂದ ಪರೀಕ್ಷಿಸಿ ನೋಡಿದ್ದಾರೆ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ವಿದ್ವಾಂಸರು ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಗದ್ಯಭಾಗಗಳನ್ನು ಓದಲು ಕೊಟ್ಟರು. ಕೆಲವು ಭಾಗಗಳನ್ನು ವಿದ್ಯಾರ್ಥಿಗಳು ಎರಡನೆಯ ಬಾರಿಯೂ ಓದಿದರು. ಉಳಿದವನ್ನು ಎರಡನೆಯ ಬಾರಿ ಓದದೆ, ಹಾಳೆಯನ್ನು ಬದಿಗಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದ ಭಾಗಗಳಲ್ಲಿ ಶೇಕಡಾ 81ರಷ್ಟು ವಿಷಯ ನೆನಪಿತ್ತು. ನೆನಪಿನಿಂದ ಬರೆದುದರಲ್ಲಿ ಶೇಕಡಾ 75ರಷ್ಟು. ಇಲ್ಲಿಗೆ ನಿಲ್ಲಿಸಿದರೆ ಓದುವುದೇ ಮೇಲೆಂದು ತೋರುತ್ತದೆ. ಆದರೆ ಒಂದು ವಾರ ಕಳೆದು ಪರೀಕ್ಷಿಸಿದಾಗ ಚಿತ್ರವೇ ಬದಲಾಗಿತ್ತು. ಮತ್ತೆ ಓದಿದ್ದು ಶೇಕಡಾ 42ಕ್ಕೆ ಇಳಿದಿತ್ತು. ನೆನಪಿನಿಂದ ಬರೆದದ್ದು ಶೇಕಡಾ 56ರಲ್ಲಿ ನಿಂತಿತ್ತು. ಗಮನಿಸಬೇಕಾದ ಇನ್ನೊಂದು ಅಂಶವೂ ಇದೆ. ಅದೇ ಅಧ್ಯಯನದ ಮುಂದಿನ ಭಾಗದಲ್ಲಿ, ತಮಗೆ ಹೆಚ್ಚು ನೆನಪಿರುತ್ತದೆಂದು ಭರವಸೆಯಿಂದ ಹೇಳಿದವರು ಮತ್ತೆ ಮತ್ತೆ ಓದಿದವರೇ.

ಮಕ್ಕಳು ಮೋಸಹೋಗುವುದು ಇಲ್ಲಿಯೇ. ಓದಿದ್ದನ್ನೇ ಓದುತ್ತಿದ್ದಂತೆ ಅಕ್ಷರಗಳು ಪರಿಚಿತವಾಗುತ್ತವೆ, ಕಣ್ಣು ಸರಾಗವಾಗಿ ಓಡುತ್ತದೆ, 'ಇದು ನನಗೆ ಬರುತ್ತದೆ' ಎಂಬ ನೆಮ್ಮದಿ ಮೂಡುತ್ತದೆ. ಆದರೆ ಕಂಡಾಗ ಗುರುತು ಹಿಡಿಯುವುದು ಬೇರೆ, ಕಾಣದಿದ್ದಾಗ ನೆನೆದು ಹೇಳುವುದು ಬೇರೆ. ಬೀದಿಯಲ್ಲಿ ನಿತ್ಯ ಎದುರಾಗುವವರ ಮುಖ ನಮಗೆ ಚೆನ್ನಾಗಿ ಗೊತ್ತು. ಹೆಸರು ಕೇಳಿದರೆ ತಡವರಿಸುತ್ತೇವೆ. ಕೆಂಪು ಗೆರೆ ಎಳೆದು ಹತ್ತು ಬಾರಿ ಓದಿದ ಪಾಠದೊಂದಿಗೆ ಮಗುವಿಗಿರುವುದು ಇಂಥ ಮುಖಪರಿಚಯ. ಆದುದರಿಂದ ಮೊದಲನೆಯ ಅಭ್ಯಾಸ ಇದು: ಪಾಠವನ್ನು ಒಮ್ಮೆ ಗಮನವಿಟ್ಟು ಓದಿದ ಮೇಲೆ ಪುಸ್ತಕ ಮುಚ್ಚಬೇಕು. ಖಾಲಿ ಹಾಳೆಯ ಮೇಲೆ ನೆನಪಿದ್ದುದನ್ನು ಬರೆಯಬೇಕು, ಇಲ್ಲವೇ ಗಟ್ಟಿಯಾಗಿ ಹೇಳಬೇಕು. ಬಳಿಕ ಪುಸ್ತಕ ತೆರೆದು, ಬಿಟ್ಟುಹೋದದ್ದೇನು, ತಪ್ಪಿದ್ದೇನು ಎಂದು ನೋಡಿ ತಿದ್ದಿಕೊಳ್ಳಬೇಕು. ಈ ಕೊನೆಯ ಹೆಜ್ಜೆಯನ್ನು ಬಿಡಬಾರದು. ತಿದ್ದದೆ ಬಿಟ್ಟರೆ ತಪ್ಪು ಕೂಡ ಗಟ್ಟಿಯಾಗಿ ನಿಂತುಬಿಡುವ ಅಪಾಯವಿದೆ.

ಇದರಲ್ಲಿ ಹೊಸದೇನೂ ಇಲ್ಲವೆಂದು ಈ ಸಭೆಯಲ್ಲಿರುವ ತಾಳಮದ್ದಳೆಯ ಅಭಿಮಾನಿಗಳು ಹೇಳಬಹುದು. ನಿಜ. ಪಾರ್ತಿಸುಬ್ಬನ ಹೆಸರಿನೊಂದಿಗೆ ಬೆಸೆದುಕೊಂಡ ಈ ಕುಂಬಳೆ ಸೀಮೆಯಲ್ಲಿ ಅದನ್ನು ಬೇರೆಯವರಿಂದ ಕಲಿಯಬೇಕಾಗಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಯ ಮುಂದೆ ಬರೆದಿಟ್ಟ ಮಾತುಗಳಿರುವುದಿಲ್ಲ. ಪದ್ಯದ ಆಶಯವನ್ನು ಅವರು ತಮ್ಮದೇ ಮಾತುಗಳಲ್ಲಿ ಬಿಡಿಸಬೇಕು. ಎದುರಿನ ಪಾತ್ರಧಾರಿ ಯಾವ ಪ್ರಶ್ನೆ ಎಸೆಯುತ್ತಾರೆ, ಯಾವ ಪುರಾಣಕಥೆಯನ್ನು ಎಳೆದು ತರುತ್ತಾರೆ ಎಂಬುದು ಮುಂಚಿತವಾಗಿ ತಿಳಿಯದು. ಕೇಳಿದ ಕ್ಷಣದಲ್ಲಿ ನೆನಪಿನ ಯಾವ ಮೂಲೆಯಿಂದಲಾದರೂ ತೆಗೆದು ಮುಂದಿಡಬೇಕು. ಒಂದೇ ಪ್ರಸಂಗವನ್ನು ಇಂದು ಇಲ್ಲಿ, ಮುಂದಿನ ತಿಂಗಳು ಮತ್ತೊಂದೂರಿನಲ್ಲಿ, ಬೇರೆ ಬೇರೆ ಎದುರಾಳಿಗಳೊಂದಿಗೆ ನಡೆಸುತ್ತ ಬಂದವರಿಗೆ ಅದು ಮರೆಯುವುದೆಂತು? ಹೆಚ್ಚು ಓದದವರೂ ದೊಡ್ಡ ಅರ್ಥಧಾರಿಗಳಾಗಿ ಬೆಳೆದದ್ದು ಈ ಕ್ರಮದಿಂದಲೇ. ಸಂಜೆ ಜಗಲಿಯಲ್ಲಿ ಪ್ರತಿದಿನ ನಡೆಯುತ್ತಿದ್ದ ಈ ಕಲಿಕೆಯನ್ನು ನಾವು ಶಾಲೆಯ ಒಳಗೆ ತರಲಿಲ್ಲ. ನಮ್ಮ ತರಗತಿಗಳಲ್ಲಿ ಮಕ್ಕಳಿಗೆ ಪದ್ಯವನ್ನೂ ಅರ್ಥವನ್ನೂ ನಾವೇ ಬರೆಸಿಬಿಟ್ಟೆವು.

ಎರಡನೆಯ ಅಭ್ಯಾಸ ಬಿಡುವಿಗೆ ಸಂಬಂಧಿಸಿದ್ದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸರು 1885ರಲ್ಲಿ ನೆನಪಿನ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಅವರು ಪ್ರಯೋಗ ಮಾಡಿದ್ದು ತಮ್ಮ ಮೇಲೆಯೇ. ಅರ್ಥವಿಲ್ಲದ ಉಚ್ಚಾರಗಳ ಸಾಲುಗಳನ್ನು ಬಾಯಿಪಾಠ ಮಾಡಿ, ಇಷ್ಟು ಹೊತ್ತಿನ ಬಳಿಕ ಮರಳಿ ಕಲಿಯಲು ಎಷ್ಟು ಶ್ರಮ ಉಳಿಯುತ್ತದೆ ಎಂದು ಅಳೆದು ನೋಡಿದರು. ಇಪ್ಪತ್ತು ನಿಮಿಷಗಳ ಬಳಿಕ ಉಳಿದದ್ದು ಶೇಕಡಾ 58ರಷ್ಟು. ಒಂದು ಗಂಟೆಯ ಬಳಿಕ 44. ಒಂದು ದಿನದ ಬಳಿಕ ಸುಮಾರು 34. ತಿಂಗಳ ಬಳಿಕ 21. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಧಾವಿಸಿ ಬರುತ್ತದೆ, ಆಮೇಲೆ ನಿಧಾನವಾಗುತ್ತದೆ. ಅರ್ಥವುಳ್ಳ ಪಾಠ ಇಷ್ಟು ಬೇಗ ಅಳಿಯುವುದಿಲ್ಲವೆಂಬುದು ನಮ್ಮ ಪುಣ್ಯ. ಆದರೆ ಅಳಿಯುವ ರೀತಿ ಅದೇ.

ಅವರೇ ಕಂಡುಕೊಂಡ ಇನ್ನೊಂದು ಸಂಗತಿ ಹೆತ್ತವರ ಗಮನಕ್ಕೆ ಬರಬೇಕು. ಹನ್ನೆರಡು ಉಚ್ಚಾರಗಳ ಒಂದು ಸಾಲನ್ನು ಮುನ್ನಾದಿನ ಒಂದೇ ಸಮನೆ 68 ಬಾರಿ ಹೇಳಿಕೊಂಡಾಗ ಸಿಕ್ಕಿದ ಫಲವೇ, ಮೂರು ದಿನಗಳಿಗೆ ಹಂಚಿ 38 ಬಾರಿ ಹೇಳಿಕೊಂಡಾಗಲೂ ಸಿಕ್ಕಿತು. ಶ್ರಮ ಅರ್ಧದಷ್ಟು, ಫಲ ಅಷ್ಟೇ. ತೋಟಕ್ಕೆ ನೀರು ಬಿಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಿಂಗಳ ನೀರನ್ನೆಲ್ಲ ಒಂದೇ ದಿನ ಅಡಿಕೆಯ ಬುಡಕ್ಕೆ ಸುರಿದರೆ ಹರಿದುಹೋಗುವುದೇ ಹೆಚ್ಚು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ಮಗುವನ್ನು ಕಂಡು ನಾವು ಹೆಮ್ಮೆಪಡುತ್ತೇವೆ. ಆ ಓದು ಮರುದಿನದ ಪರೀಕ್ಷೆಗೆ ಅಷ್ಟೋ ಇಷ್ಟೋ ಒದಗಬಹುದು, ಜೂನ್ ತಿಂಗಳಿಗೆ ಒದಗದು. ಮೇಲಾಗಿ, ಹಗಲು ಕಲಿತದ್ದು ಮನಸ್ಸಿನಲ್ಲಿ ನೆಲೆಗೊಳ್ಳಲು ನಿದ್ದೆಯೇ ನೆರವಾಗುತ್ತದೆ. ನಿದ್ದೆಯನ್ನು ಕತ್ತರಿಸಿ ಓದುವುದೆಂದರೆ ಬಿತ್ತಿದ ಗದ್ದೆಯನ್ನು ತುಳಿದಂತೆ.

ಹಾಗಾದರೆ ಎಷ್ಟು ಬಿಡುವು? ಎಲ್ಲರಿಗೂ ಒಪ್ಪುವ ಒಂದೇ ಲೆಕ್ಕವಿಲ್ಲ. ಹೆಚ್ಚು ಕಾಲ ನೆನಪಿರಬೇಕಾದುದಕ್ಕೆ ಹೆಚ್ಚು ಅಂತರದ ಬಿಡುವು ಬೇಕೆಂಬುದು ಸಾಮಾನ್ಯ ನಿಯಮ. ನಮ್ಮ ಮಕ್ಕಳಿಗೆ ನಾವು ಸೂಚಿಸುವ ಕ್ರಮ ಸರಳವಾದುದು. ಸೋಮವಾರ ಕಲಿತ ಪಾಠವನ್ನು ಮಂಗಳವಾರ ಪುಸ್ತಕ ಮುಚ್ಚಿ ನೆನೆಯುವುದು, ಶುಕ್ರವಾರ ಇನ್ನೊಮ್ಮೆ, ಮುಂದಿನ ವಾರದ ಕೊನೆಗೆ ಮತ್ತೊಮ್ಮೆ, ತಿಂಗಳು ತುಂಬಿದಾಗ ಒಮ್ಮೆ, ಓಣಂ ರಜೆ ಮುಗಿದು ಶಾಲೆಗೆ ಬಂದಾಗ ಮಗದೊಮ್ಮೆ. ಪ್ರತಿ ಬಾರಿಗೂ ಐದು ಹತ್ತು ನಿಮಿಷ ಸಾಕು. ನಡುವೆ ಒಂದಿಷ್ಟು ಮರೆತಿರುತ್ತದೆ. ಮರೆತದ್ದಕ್ಕೆ ಮಗುವನ್ನು ಗದರಿಸಬಾರದು. ಸ್ವಲ್ಪ ಮರೆತು, ತಡಕಾಡಿ, ಮರಳಿ ನೆನೆಯುವ ಆ ಕಷ್ಟದಲ್ಲೇ ನೆನಪು ಬಲಿಯುವುದು.

ಪದಗಳ ಅರ್ಥ, ಸೂತ್ರ, ಇಸವಿ, ರಾಸಾಯನಿಕ ಸಂಕೇತ ಮುಂತಾದ ಬಿಡಿ ವಿಷಯಗಳಿಗೆ ಚೀಟಿಗಳ ಕ್ರಮವೊಂದಿದೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಲೇಖಕರು 1970ರ ದಶಕದಲ್ಲಿ ಅದನ್ನು ಪ್ರಚಾರಕ್ಕೆ ತಂದರು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿದರೆ ಖರ್ಚಿಲ್ಲ. ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಉತ್ತರ. ಮೂರು ಡಬ್ಬಗಳು: ಮೊದಲನೆಯದನ್ನು ದಿನವೂ, ಎರಡನೆಯದನ್ನು ವಾರಕ್ಕೆರಡು ಬಾರಿ, ಮೂರನೆಯದನ್ನು ವಾರಕ್ಕೊಮ್ಮೆ ತೆರೆಯುವುದು. ಉತ್ತರ ಸರಿಯಾದರೆ ಚೀಟಿ ಮುಂದಿನ ಡಬ್ಬಕ್ಕೆ ಹೋಗುತ್ತದೆ. ತಪ್ಪಿದರೆ ಮೊದಲನೆಯದಕ್ಕೆ ಮರಳುತ್ತದೆ. ಬಾರದಿರುವುದರ ಮೇಲೆ ಹೆಚ್ಚು ಹೊತ್ತು, ಬರುವುದರ ಮೇಲೆ ಕಡಿಮೆ ಹೊತ್ತು ವ್ಯಯವಾಗುವುದು ಇದರ ಗುಣ. ತಮಗೆ ಬರುವ ಪಾಠವನ್ನೇ ಮತ್ತೆ ಮತ್ತೆ ಓದಿ ಸಂತೋಷಪಡುವ ಮಕ್ಕಳಿಗೆ ಇದು ಒಳ್ಳೆಯ ಮದ್ದು.

ಮೂರನೆಯ ಅಭ್ಯಾಸ ಗಣಿತಕ್ಕೆ ಹೆಚ್ಚಾಗಿ ಸಲ್ಲುವಂಥದು. ಪಠ್ಯಪುಸ್ತಕಗಳಲ್ಲಿ ಸರಳಬಡ್ಡಿಯ ಪಾಠದ ಬಳಿಕ ಹತ್ತು ಸರಳಬಡ್ಡಿಯ ಲೆಕ್ಕಗಳು, ಅನುಪಾತದ ಬಳಿಕ ಹತ್ತು ಅನುಪಾತದ ಲೆಕ್ಕಗಳು ಇರುವುದು ವಾಡಿಕೆ. ಮೂರನೆಯ ಲೆಕ್ಕಕ್ಕೆ ಬರುವಷ್ಟರಲ್ಲಿ ಮಗು ಪ್ರಶ್ನೆಯನ್ನು ಪೂರ್ತಿ ಓದುವುದನ್ನೇ ಬಿಡುತ್ತದೆ. ಸಂಖ್ಯೆಗಳನ್ನು ಆರಿಸಿ ಸೂತ್ರಕ್ಕೆ ಹಾಕಿದರೆ ಉತ್ತರ ಬಂದೇ ಬರುತ್ತದೆ. ಆದರೆ ಪರೀಕ್ಷೆಯಲ್ಲೂ ಬದುಕಿನಲ್ಲೂ ಲೆಕ್ಕದ ಹಣೆಯ ಮೇಲೆ ಅದರ ಜಾತಿ ಬರೆದಿರುವುದಿಲ್ಲ. 2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಎಂಬವರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳ ಒಂದು ಗುಂಪು ನಾಲ್ಕು ಬಗೆಯ ಘನಾಕೃತಿಗಳ ಲೆಕ್ಕಗಳನ್ನು ಒಂದೊಂದು ಬಗೆಯಾಗಿ ಮಾಡಿತು, ಇನ್ನೊಂದು ಗುಂಪು ಎಲ್ಲವನ್ನೂ ಬೆರೆಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಒಂದೊಂದು ಬಗೆಯಾಗಿ ಮಾಡಿದವರ ಉತ್ತರಗಳಲ್ಲಿ ಶೇಕಡಾ 89 ಸರಿ. ಬೆರೆಸಿ ಮಾಡಿದವರದು ಕೇವಲ 60. ಒಂದು ವಾರದ ಬಳಿಕ ಪರೀಕ್ಷಿಸಿದಾಗ ಮೊದಲ ಗುಂಪು ಶೇಕಡಾ 20ಕ್ಕೆ ಕುಸಿದಿತ್ತು, ಎರಡನೆಯದು 63ರಲ್ಲಿತ್ತು. ಯಾವ ಲೆಕ್ಕಕ್ಕೆ ಯಾವ ದಾರಿ ಎಂದು ಆರಿಸಿಕೊಳ್ಳುವುದನ್ನು ಆ ಗುಂಪು ಮೊದಲೇ ಕಲಿತಿತ್ತು.

ಹಳೆಯ ಕಾಲದ ಮಗ್ಗಿಯ ವಿಚಾರದಲ್ಲೂ ಇದೇ ವ್ಯತ್ಯಾಸವನ್ನು ಕಾಣಬಹುದು. ದೀಪ ಹಚ್ಚಿದ ಮೇಲೆ ಎರಡೊಂದ್ಲಿ ಎರಡರಿಂದ ತೊಡಗಿ ರಾಗವಾಗಿ ಹೇಳಿಸುವುದು ಒಂದು. ಆಮೇಲೆ ಅಜ್ಜನೋ ಮಾವನೋ ಎಲೆಯಡಿಕೆ ಮೆಲ್ಲುತ್ತ ಥಟ್ಟನೆ "ಏಳೆಂಟು?" ಎಂದು ಕೇಳುವುದು ಇನ್ನೊಂದು. ಸಾಲಾಗಿ ಹೇಳಬಲ್ಲ ಮಗು ನಡುವಿನಿಂದ ಕೇಳಿದಾಗ ಮತ್ತೆ ಏಳೊಂದ್ಲಿಯಿಂದ ತೊಡಗುತ್ತಿತ್ತು. ಕ್ರಮ ತಪ್ಪಿಸಿ ಕೇಳಿದ ಮನೆಗಳ ಮಕ್ಕಳಿಗೆ ಮಾತ್ರ ಐವತ್ತಾರು ನಾಲಗೆಯ ತುದಿಯಲ್ಲಿರುತ್ತಿತ್ತು. ಬಾಯಿಪಾಠವನ್ನು ಹೀಗಳೆಯುವವರಲ್ಲಿ ನಾವಿಲ್ಲ. ಮಗ್ಗಿ ಬಾರದ ಮಗು ದೊಡ್ಡ ಲೆಕ್ಕದ ನಡುವೆ ಸಣ್ಣ ಗುಣಾಕಾರದಲ್ಲೇ ದಣಿಯುತ್ತದೆ. ಬಾಯಿಪಾಠ ಮಾಡಿಸಿದ ಮೇಲೆ ಕೇಳುವವರಿಲ್ಲದೆ ಹೋಗುವುದಷ್ಟೇ ನಮ್ಮ ಆಕ್ಷೇಪ.

ನಾಲ್ಕನೆಯ ಅಭ್ಯಾಸ ವಿವರಿಸಿ ಹೇಳುವುದು. ಅರ್ಥವಾಗದ್ದನ್ನು ಎಷ್ಟು ನೆನೆದರೂ ಅದು ಮಾತಿನ ಸಾಲಾಗಿ ಉಳಿಯುತ್ತದೆಯೇ ಹೊರತು ತಿಳಿವಳಿಕೆಯಾಗುವುದಿಲ್ಲ. ಅರ್ಥವಾಗಿದೆಯೇ ಎಂದು ತಿಳಿಯಲು 'ಏಕೆ', 'ಹೇಗೆ' ಎಂಬ ಎರಡು ಪ್ರಶ್ನೆಗಳಿಗಿಂತ ಬೇರೆ ಒರೆಗಲ್ಲು ಬೇಡ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬುದು ಕೊಳೆರೋಗದ ಮದ್ದು ಬಿಡುವ ಮನೆಗಳ ಮಕ್ಕಳಿಗೆಲ್ಲ ಗೊತ್ತು. 25 ಲೀಟರಿಗೆ ಎಷ್ಟು ಬೇಕು, ಏಕೆ ಅಷ್ಟು ಎಂದು ಅಪ್ಪನಿಗೆ ವಿವರಿಸಬಲ್ಲ ಮಗುವಿಗೆ ಅನುಪಾತದ ಪಾಠ ಬಂದಿದೆ. ಪುಸ್ತಕದ ಹತ್ತು ಲೆಕ್ಕ ಬಿಡಿಸಿಯೂ ಇದನ್ನು ಹೇಳಲಾರದ ಮಗುವಿಗೆ ಇನ್ನೂ ಬಂದಿಲ್ಲ.

ಇಲ್ಲಿ ನಮ್ಮ ಶಾಲೆಯ ಮಾಧ್ಯಮದ ಮಾತು ಬರುತ್ತದೆ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಹೆತ್ತವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಕನ್ನಡದಲ್ಲಿ ಕಲಿತರೆ ಮುಂದೆ ಮಗುವಿಗೆ ಕಷ್ಟವಾಗುವುದಿಲ್ಲವೇ?" ಪ್ರಾಮಾಣಿಕವಾದ ಪ್ರಶ್ನೆ, ಪ್ರಾಮಾಣಿಕವಾದ ಉತ್ತರವೇ ಬೇಕು. ಕನ್ನಡದಲ್ಲಿ ಕಲಿಸಿದ ಮಾತ್ರಕ್ಕೆ ಕಲಿಕೆ ಉಳಿಯುತ್ತದೆ ಎಂದು ನಾವು ಹೇಳಲಾರೆವು. 'ಅದು ಕಳೆದ ವರ್ಷದ ಪಾಠವಲ್ಲವೇ' ಎಂದ ಹುಡುಗಿಯೂ ಕನ್ನಡದಲ್ಲೇ ಕಲಿತವಳು. ಆದರೆ ಮಗು ಕಲಿತದ್ದನ್ನು ತನ್ನ ಮಾತಿನಲ್ಲಿ ಬಿಡಿಸಿ ಹೇಳಬೇಕಾದರೆ ಮಾತು ತನ್ನದಾಗಿರಬೇಕು, ಕೇಳುವವರಿಗೂ ಅದು ತಿಳಿಯಬೇಕು. ನಮ್ಮ ಮಕ್ಕಳ ಮನೆಮಾತು ತುಳು, ಹವ್ಯಕ, ಕೊಂಕಣಿ, ಮರಾಟಿ, ಬ್ಯಾರಿ, ಮಲೆಯಾಳ ಹೀಗೆ ಹಲವು. ಶಾಲೆಯಲ್ಲಿ ಕನ್ನಡದಲ್ಲಿ ಕೇಳಿದ್ದನ್ನು ಮನೆಯಲ್ಲಿ ಅಜ್ಜಿಗೆ ತುಳುವಿನಲ್ಲಿ ಹೇಳುವ ಮಗು ಪುಸ್ತಕದ ವಾಕ್ಯವನ್ನು ಒಪ್ಪಿಸಲಾರದು; ಅರ್ಥವನ್ನು ಹಿಡಿದೇ ಹೇಳಬೇಕು. ನಮ್ಮ ಮನೆಗಳ ಈ ಬಹುಭಾಷೆಯನ್ನು ಕೊರತೆಯೆಂದು ಭಾವಿಸಿ ನಾವೇ ಎಷ್ಟೋ ವರ್ಷ "ತರಗತಿಯಲ್ಲಿ ತುಳು ಬೇಡ" ಎಂದು ಗದರಿದ್ದುಂಟು. ಅದು ತಪ್ಪಾಗಿತ್ತು.

ಹತ್ತನೆಯ ತರಗತಿಯ ಬಳಿಕ ಪ್ಲಸ್ ಟು ಪಾಠಗಳು ಇಂಗ್ಲಿಷಿನಲ್ಲಿ ಎದುರಾದಾಗ ಮಕ್ಕಳು ಕಂಗಾಲಾಗುವುದು ನಿಜ. ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಇಬ್ಬರ ಕಷ್ಟ ಒಂದೇ ಅಲ್ಲ. ವಿಷಯ ತಿಳಿದಿರುವ ಮಗುವಿಗೆ ಹೊಸ ಹೆಸರುಗಳನ್ನು ಮಾತ್ರ ಕಲಿಯಬೇಕಾಗುತ್ತದೆ. ವಾಕ್ಯಗಳನ್ನಷ್ಟೇ ಬಾಯಿಪಾಠ ಮಾಡಿದ ಮಗುವಿಗೆ ವಿಷಯವೂ ಹೊಸದು, ಹೆಸರೂ ಹೊಸದು. ಆದುದರಿಂದ ಎಂಟನೆಯ ತರಗತಿಯಿಂದಲೇ ಪ್ರತಿಯೊಂದು ಮಗುವೂ ಒಂದು ಪದಪುಸ್ತಕವನ್ನು ಇಟ್ಟುಕೊಳ್ಳಬೇಕೆಂದು ನಿಶ್ಚಯಿಸಿದ್ದೇವೆ. ಎಡಗಡೆ ದ್ಯುತಿಸಂಶ್ಲೇಷಣೆ, ಬಲಗಡೆ ಫೋಟೋಸಿಂಥೆಸಿಸ್. ಎಡಗಡೆ ವೇಗೋತ್ಕರ್ಷ, ಬಲಗಡೆ ಆಕ್ಸಿಲರೇಷನ್. ಒಂದು ಬದಿಯನ್ನು ಕೈಯಿಂದ ಮುಚ್ಚಿ ಇನ್ನೊಂದನ್ನು ನೆನೆಯುವುದು, ಬಿಡುವು ಕೊಟ್ಟು ಮತ್ತೆ ನೆನೆಯುವುದು. ಮೂರು ವರ್ಷಗಳಲ್ಲಿ ದಿನಕ್ಕೆರಡು ಪದಗಳಂತೆ ಕಲಿತರೂ ದೊಡ್ಡ ಬಂಡವಾಳವೇ ಆಗುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ಲೋಪಗಳನ್ನೂ ಒಪ್ಪಿಕೊಳ್ಳಬೇಕು. ಪಾಠ ಮುಗಿಸುವ ಆತುರದಲ್ಲಿ ನಾವು ಕೇಳುವುದನ್ನು ಕಡಿಮೆ ಮಾಡಿದೆವು. ಕೇಳಿದರೂ ಉತ್ತರ ಬರುವಷ್ಟು ಹೊತ್ತು ಕಾಯಲಿಲ್ಲ. ಮುಂದಿನ ಬೆಂಚಿನ ಎತ್ತಿದ ಕೈಯನ್ನು ಕಂಡು ತೃಪ್ತರಾದೆವು. ಪರೀಕ್ಷೆಯನ್ನು ಅಳತೆಗೋಲಾಗಿ ಬಳಸಿದೆವು, ಕಲಿಕೆಯ ಸಾಧನವಾಗಿ ಬಳಸಲಿಲ್ಲ. ತಿದ್ದಿದ ಉತ್ತರಪತ್ರಿಕೆಯನ್ನು ಹಿಂದಿರುಗಿಸುವಾಗ ಅಂಕವನ್ನು ಓದಿ ಹೇಳಿದೆವೇ ಹೊರತು ತಪ್ಪನ್ನು ಮರಳಿ ಮಾಡಿಸಲಿಲ್ಲ. ಪ್ರಶ್ನೆ ಎಂದರೆ ಮಕ್ಕಳು ಬೆದರುವಂತೆ ಮಾಡಿದ್ದೂ ನಾವೇ. ಬೆದರಿದ ಮಗು ನೆನೆಯುವುದಿಲ್ಲ, ಅಡಗಿಕೊಳ್ಳುತ್ತದೆ.

ನೂರ ಒಂದನೆಯ ವರ್ಷದಿಂದ ಕೆಲವು ಕ್ರಮಗಳನ್ನು ನಾವು ಪಾಲಿಸಲಿದ್ದೇವೆ. ಪ್ರತಿ ಪಿರಿಯಡ್ಡಿನ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿರುತ್ತದೆ. ನಿನ್ನೆಯ ಒಂದು, ಕಳೆದ ವಾರದ ಒಂದು, ಕಳೆದ ತಿಂಗಳ ಒಂದು, ಹೀಗೆ ಮೂರು ಪ್ರಶ್ನೆಗಳು. ಇವಕ್ಕೆ ಅಂಕವಿಲ್ಲ. ಮಕ್ಕಳು ಬರೆದು, ತಾವೇ ನೋಡಿ ತಿದ್ದಿಕೊಳ್ಳುತ್ತಾರೆ. ವಾರಕ್ಕೊಂದು ದಿನ ಗಣಿತದಲ್ಲಿ ಹಳೆಯದೂ ಹೊಸದೂ ಬೆರೆತ ಲೆಕ್ಕಗಳು. ಹೇಳಿ ಬರೆಸುವ ಉತ್ತರಗಳನ್ನು ಕಡಿಮೆ ಮಾಡಿ, ಮಕ್ಕಳು ತಮ್ಮ ಮಾತಿನಲ್ಲಿ ಬರೆದುದನ್ನು ತಿದ್ದುವ ಕೆಲಸವನ್ನು ಹೆಚ್ಚು ಮಾಡುತ್ತೇವೆ. ಮೊದಮೊದಲು ಟಿಪ್ಪಣಿ ಪುಸ್ತಕಗಳು ಹಿಂದಿನಷ್ಟು ಅಂದವಾಗಿ ಕಾಣದಿರಬಹುದು, ಪಾಠ ನಿಧಾನವಾಯಿತೆಂದು ತೋರಬಹುದು. ದಯವಿಟ್ಟು ಅಸಮಾಧಾನ ಪಡಬೇಡಿ. ಸುಲಭವಾಗಿ ಸಾಗಿದ ಅಭ್ಯಾಸ ಬೇಗ ಅಳಿಯುತ್ತದೆ ಎಂಬುದನ್ನು ಆಗಲೇ ನೋಡಿದ್ದೇವೆ.

ಹೆತ್ತವರಲ್ಲಿ ನಮ್ಮ ಬೇಡಿಕೆ ಹೆಚ್ಚಿನದಲ್ಲ. "ಓದಿದೆಯಾ?" ಎಂದು ಕೇಳಬೇಡಿ, ಅದಕ್ಕೆ "ಹೂಂ" ಎಂಬ ಒಂದೇ ಉತ್ತರವಿದೆ. "ಇಂದು ಕಲಿತದ್ದರಲ್ಲಿ ಒಂದನ್ನು ನನಗೆ ಹೇಳು" ಎನ್ನಿ. ನಿಮಗೆ ಆ ವಿಷಯ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಮಗು ಬಿಡಿಸಿ ಹೇಳಬೇಕಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ "ಅದು ಹೇಗೆ ಮಗಾ?" ಎಂದು ಕೇಳಬಲ್ಲಳು. ಮಗು ತಡವರಿಸಿದಾಗ ತಕ್ಷಣ ಹೇಳಿಕೊಡಬೇಡಿ, ಸ್ವಲ್ಪ ಕಾಯಿರಿ. ಓದುವ ಹೊತ್ತಿನಲ್ಲಿ ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಪರೀಕ್ಷೆಯ ಹಿಂದಿನ ರಾತ್ರಿ ಮಗು ಹೊತ್ತಿಗೆ ಸರಿಯಾಗಿ ಮಲಗಲಿ.

ಹಳೆ ವಿದ್ಯಾರ್ಥಿ ಬಂಧುಗಳು ಈ ಸಂಭ್ರಮದಲ್ಲಿ ಶಾಲೆಗೆ ಕೊಟ್ಟ ನೆರವಿಗೆ ನಾವು ಋಣಿಗಳು. ಗೋಡೆಗೆ ಬಣ್ಣ ಬಂದಿದೆ, ಮಾಡು ಸೋರುವುದು ನಿಂತಿದೆ. ಇನ್ನೊಂದನ್ನೂ ಬೇಡುತ್ತೇವೆ. ಊರಿಗೆ ಬಂದಾಗ ಒಂದು ಗಂಟೆ ತರಗತಿಗೆ ಬನ್ನಿ. ಭಾಷಣ ಮಾಡುವುದಕ್ಕಲ್ಲ, ಮಕ್ಕಳನ್ನು ಕೇಳುವುದಕ್ಕೆ. ನೀವು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ತೋಟದಲ್ಲಿ, ಗಲ್ಫಿನ ಕಾರ್ಖಾನೆಯಲ್ಲಿ ಮಾಡುವ ಕೆಲಸದಲ್ಲಿ ಈ ಪಾಠ ಎಲ್ಲಿ ಒದಗುತ್ತದೆ ಎಂದು ಹೇಳಿ, ಅದರಿಂದಲೇ ಒಂದು ಪ್ರಶ್ನೆ ಕೇಳಿ. ಎಂಬತ್ತು ದಾಟಿದ ಆ ಹಿರಿಯರಿಗೆ ಮುಕ್ಕಾಲರ ಮಗ್ಗಿಯನ್ನು ಉಳಿಸಿಕೊಟ್ಟವರು ಅವರ ಗಿರಾಕಿಗಳು. ನಮ್ಮ ಮಕ್ಕಳಿಗೂ ಅಂಥ ಗಿರಾಕಿಗಳು ಬೇಕು.

ಮುಂದಿನ ಜೂನ್ ತಿಂಗಳಲ್ಲಿ ಹತ್ತನೆಯ ತರಗತಿಯಲ್ಲಿ ನಾವು ಅದೇ ಪ್ರಶ್ನೆಯನ್ನು ಮತ್ತೆ ಕೇಳಲಿದ್ದೇವೆ: ಹಸುರೆಲೆ ತನ್ನ ಆಹಾರವನ್ನು ಹೇಗೆ ತಯಾರಿಸುತ್ತದೆ? ಹಿಂದಿನ ವರ್ಷ ಕಲಿತದ್ದನ್ನು ಒಂದು ಮಗು ಪುಸ್ತಕದ ಮಾತಿನಲ್ಲಲ್ಲದೆ, ಕಿಟಕಿಯಾಚೆಯ ಹಲಸಿನ ಮರವನ್ನು ತೋರಿಸಿ, ತನ್ನ ಮಾತಿನಲ್ಲಿ ತಡೆತಡೆದು ಹೇಳಿದರೂ ಸಾಕು. ಈ ಶಾಲೆಯ ಎರಡನೆಯ ಶತಮಾನ ಸರಿಯಾಗಿ ತೊಡಗಿತೆಂದು ನಾವು ತಿಳಿಯುತ್ತೇವೆ.